ಕೋಡ್‌ಗಳ ರಾಶಿಯಿಂದ ವಿಶ್ಲೇಷಣೆಯ ಕಡೆಗೆ: ಗುಣಾತ್ಮಕ ಸಂಶೋಧಕರಿಗೆ ಹಂತ ಹಂತದ ಮಾರ್ಗದರ್ಶಿ

ಸಂದರ್ಶನಗಳನ್ನು ಬರಹಕ್ಕಿಳಿಸಿ, ಸಾಲು ಸಾಲಾಗಿ ಓದಿ ಕೋಡ್ ಹಾಕುವವರೆಗೆ, ಅಂದರೆ ಮಾತಿನ ಒಂದೊಂದು ತುಣುಕಿಗೂ ಅದರ ಸಂಗತಿಯನ್ನು ಸೂಚಿಸುವ ಚಿಕ್ಕ ಹೆಸರು ಕೊಡುವವರೆಗೆ, ಹೆಚ್ಚಿನ ವಿದ್ಯಾರ್ಥಿಗಳಿಗೆ ತೊಂದರೆಯಾಗುವುದಿಲ್ಲ. ಕೆಲಸ ನಿಂತುಹೋಗುವುದು ಅದಾದ ಮೇಲೆ. ಪರದೆಯ ಮೇಲೆ ಇನ್ನೂರೋ ಮುನ್ನೂರೋ ಕೋಡ್‌ಗಳಿರುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಒಂದೊಂದೇ ತುಣುಕು, ಒಂದೇ ಸಂಗತಿಗೆ ಮೂರು ಹೆಸರು. "ಇವನ್ನು ಕಡಿಮೆ ಮಾಡಿಕೊಂಡು ಬನ್ನಿ" ಎಂದು ಮಾರ್ಗದರ್ಶಕರು ಹೇಳುತ್ತಾರೆ. ವಿದ್ಯಾರ್ಥಿ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದೇ ರೀತಿ ಕಾಣುವ ಹೆಸರುಗಳನ್ನು ಸೇರಿಸುತ್ತಾ ಹೋಗಿ, ಒಂದೇ ಸಂಜೆಯಲ್ಲಿ ಇನ್ನೂರನ್ನು ಹದಿನೆಂಟಕ್ಕೆ ಇಳಿಸುತ್ತಾರೆ. ಆ ಹದಿನೆಂಟೂ ಕೊನೆಗೆ ಅವರದೇ ಪ್ರಶ್ನಾವಳಿಯ ಶೀರ್ಷಿಕೆಗಳಾಗಿರುತ್ತವೆ. ತಿಂಗಳುಗಟ್ಟಲೆ ಊರೂರು ಸುತ್ತಿ ತಂದ ಮಾತುಗಳಿಂದ ಹೊಸದೇನೂ ಹೊರಬಂದಿರುವುದಿಲ್ಲ.

ಎಡವುವುದು ಒಂದೇ ಕಡೆ. ಕೋಡಿನ ಹೆಸರನ್ನು ನೋಡಿ ತೀರ್ಮಾನಕ್ಕೆ ಬರುತ್ತಾರೆ, ಅದರಡಿ ಇರುವ ಮಾತುಗಳನ್ನು ಓದುವುದಿಲ್ಲ. ಎರಡು ಕೋಡ್‌ಗಳನ್ನು ಸೇರಿಸುವುದಿರಲಿ, ಒಂದನ್ನು ಒಡೆಯುವುದಿರಲಿ, ಕೈಬಿಡುವುದಿರಲಿ, ಆ ನಿರ್ಧಾರ ತುಣುಕುಗಳ ಓದಿನಿಂದಲೇ ಬರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ನಿಯಮದ ಮೇಲೆ ನಿಂತಿವೆ.

ವಿವರಿಸಲು ಅನುಕೂಲವಾಗಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೆ ಬಳಸುತ್ತೇನೆ: ಕರ್ನಾಟಕದ ಗ್ರಾಮೀಣ ತಾಲ್ಲೂಕೊಂದರ ಆಶಾ ಕಾರ್ಯಕರ್ತೆಯರೊಂದಿಗೆ ಅವರ ಕೆಲಸದ ಬಗ್ಗೆ ಮಾಡಿದ ಸಂದರ್ಶನಗಳು. ಉದ್ಧರಿಸಿದ ಮಾತುಗಳು ವಿವರಣೆಗಾಗಿ ಹೆಣೆದವು, ಯಾವುದೇ ನಿಜವಾದ ಸಂದರ್ಶನದಿಂದ ತೆಗೆದವಲ್ಲ. ಓದಲು ಸುಲಭವಾಗಲೆಂದು ಅವುಗಳನ್ನು ಗ್ರಾಂಥಿಕ ರೂಪದಲ್ಲಿ ಕೊಟ್ಟಿದ್ದೇನೆ. ನಿಮ್ಮ ಕಡತದಲ್ಲಿ ಮಾತ್ರ ಅವರು ಆಡಿದ ಮಾತು ಆಡಿದಂತೆಯೇ ಇರಲಿ.

ಕೈ ಹಾಕುವ ಮುನ್ನ: ವಿಧಾನ ಮತ್ತು ಸಲಕರಣೆ

ಮೊದಲು ನಿಮ್ಮ ವಿಶ್ಲೇಷಣಾ ವಿಧಾನ ಯಾವುದೆಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ತಿದ್ದುವ ಕೆಲಸದ ರೀತಿ ಅದರ ಮೇಲೆ ನಿಲ್ಲುತ್ತದೆ. ಸಂಗ್ರಹಿಸಿದ ಮಾತುಗಳಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿಯಲ್ಲಿ ಮಾಹಿತಿ ಸಂಗ್ರಹ ಮತ್ತು ಕೋಡಿಂಗ್ ಜೊತೆಜೊತೆಯಾಗಿ ಸಾಗುತ್ತವೆ. ಇಂದು ತಿದ್ದಿದ ಕೋಡ್ ನಾಳೆ ಯಾರನ್ನು ಸಂದರ್ಶಿಸಬೇಕೆಂಬುದನ್ನು ತೀರ್ಮಾನಿಸುತ್ತದೆ. ಫ್ರೇಮ್‌ವರ್ಕ್ ವಿಧಾನದಲ್ಲಿ ಕೋಡ್‌ಗಳ ಚೌಕಟ್ಟು ಬೇಗ ಗಟ್ಟಿಯಾಗುತ್ತದೆ, ಅನಂತರ ಅದನ್ನು ಎಲ್ಲ ಸಂದರ್ಶನಗಳಿಗೂ ಸಮನಾಗಿ ಅನ್ವಯಿಸುತ್ತಾರೆ. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಆರು ಹಂತಗಳಲ್ಲಿ ವಿವರಿಸಿ, ಮುಂದೆ ರಿಫ್ಲೆಕ್ಸಿವ್ (ಸಂಶೋಧಕರ ಸ್ವಂತ ನೋಟವನ್ನೂ ಗಣಿಸುವ) ಎಂದು ಕರೆದ ಥೀಮ್ಯಾಟಿಕ್ ವಿಶ್ಲೇಷಣೆಯಲ್ಲಿ (ಮಾತುಗಳಲ್ಲಿ ಮರುಕಳಿಸುವ ಅರ್ಥಗಳನ್ನು ಹುಡುಕಿ ಕಟ್ಟುವ ವಿಧಾನದಲ್ಲಿ) ಕೋಡ್‌ಗಳು ಕೊನೆಯವರೆಗೂ ಬದಲಾಗಬಹುದು. ಅಲ್ಲಿ ಇಬ್ಬರ ಕೋಡಿಂಗ್ ತಾಳೆಯಾಗಲೇಬೇಕೆಂಬ ನಿಯಮವೂ ಇಲ್ಲ. ಪ್ರಬಂಧದಲ್ಲಿ ಒಂದು ವಿಧಾನದ ಹೆಸರು ಬರೆದು ಇನ್ನೊಂದರ ನಿಯಮ ಪಾಲಿಸಿದರೆ, ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಬರುವುದು ಅಲ್ಲಿಗೇ.

ಸಲಕರಣೆಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಎನ್‌ವಿವೋ, ಅಟ್ಲಾಸ್ ಟಿಐ, ಮ್ಯಾಕ್ಸ್‌ಕ್ಯೂಡಿಎ ಹಣ ಕೊಟ್ಟು ಪಡೆಯುವ ತಂತ್ರಾಂಶಗಳು. ಟ್ಯಾಗೆಟ್ ಮತ್ತು ಕ್ವಾಲ್‌ಕೋಡರ್ ಉಚಿತ, ಮುಕ್ತ ತಂತ್ರಾಂಶಗಳು. ಹದಿನೈದು ಇಪ್ಪತ್ತು ಸಂದರ್ಶನಗಳಿಗೆ ಎಕ್ಸೆಲ್ ಹಾಳೆಯೂ ಸಾಕು. ಪ್ರತಿ ತುಣುಕಿಗೆ ಒಂದು ಅಡ್ಡಸಾಲು, ಅದರಲ್ಲಿ ತುಣುಕಿನ ಸಂಖ್ಯೆ, ಸಂದರ್ಶನದ ಸಂಖ್ಯೆ, ಸಾಲಿನ ಸಂಖ್ಯೆ, ತುಣುಕು, ಕೋಡ್, ಟಿಪ್ಪಣಿ ಎಂಬ ಕಲಂಗಳು. ಒಂದೇ ತುಣುಕಿಗೆ ಎರಡು ಕೋಡ್ ಇದ್ದರೆ ಅದೇ ತುಣುಕಿನ ಸಂಖ್ಯೆಯೊಂದಿಗೆ ಸಾಲನ್ನು ಎರಡು ಸಲ ಬರೆಯಿರಿ. ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ಎರಡು ಕೋಡ್ ತುಂಬಿದರೆ ಫಿಲ್ಟರ್ ಕೆಲಸಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರು ಎರಡು ವಿಷಯಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಸಿದ ಕಡತಗಳಿದ್ದರೆ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ತಂತ್ರಾಂಶದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣಿಸುತ್ತವೆ, ಹುಡುಕಾಟವಂತೂ ಸಾಧ್ಯವೇ ಇಲ್ಲ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಕೆಡುವುದು ಸಾಮಾನ್ಯವಾಗಿ ಅಲ್ಲೇ. ಎರಡನೆಯದು ಹುಡುಕುವ ಪದ. "ದುಡ್ಡು" ಎಂದು ಹುಡುಕಿದರೆ "ದುಡ್ಡಿಗೆ", "ದುಡ್ಡಿನ" ಸಿಗುವುದಿಲ್ಲ. "ದುಡ್ಡ" ಎಂದು ಕೊಟ್ಟರೆ ಮೂರೂ ಸಿಗುತ್ತವೆ. ಕಲಬುರಗಿಯ ಕಡೆಯ ಸಂದರ್ಶನವಾದರೆ "ರೊಕ್ಕ", "ಪಗಾರ" ಎಂದೂ ಹುಡುಕಬೇಕಾಗುತ್ತದೆ.

ಇಂಗ್ಲಿಷ್ ಅನುವಾದದ ಮೇಲೆ ಕೋಡ್ ಹಾಕಬೇಡಿ. ಪ್ರಬಂಧ ಇಂಗ್ಲಿಷ್‌ನಲ್ಲಿದ್ದರೂ ಕೋಡಿಂಗ್ ಮೂಲ ಕನ್ನಡದ ಮೇಲೆಯೇ ನಡೆಯಲಿ, ಬೇಕಾದ ತುಣುಕುಗಳನ್ನಷ್ಟೇ ಕೊನೆಯಲ್ಲಿ ಅನುವಾದಿಸಿ.

ಹಂತ 1: ಹೊಸ ಕೋಡ್ ಹಾಕುವುದನ್ನು ನಿಲ್ಲಿಸಿ, ಪ್ರತಿ ತೆಗೆದಿಡಿ

ತಿದ್ದುವ ಕೆಲಸವನ್ನು ಎಲ್ಲ ಸಂದರ್ಶನಗಳ ಕೋಡಿಂಗ್ ಮುಗಿಯುವವರೆಗೆ ಮುಂದೂಡಬೇಡಿ. ನಾಲ್ಕೈದು ಸಂದರ್ಶನಗಳಾದ ಮೇಲೆ ಮೊದಲ ಸುತ್ತು, ಅರ್ಧ ಮುಗಿದಾಗ ಎರಡನೆಯದು, ಕೊನೆಯಲ್ಲಿ ಮೂರನೆಯದು ಎಂದು ಯೋಜಿಸಿಕೊಳ್ಳಿ. ಮೂವತ್ತು ಸಂದರ್ಶನಗಳ ಕೋಡ್‌ಗಳನ್ನು ಒಂದೇ ಸಲ ತಿದ್ದಲು ಕುಳಿತವರು ಮಧ್ಯದಲ್ಲೇ ಬಿಡುತ್ತಾರೆ, ಇಲ್ಲವೇ ಆತುರದಲ್ಲಿ ಎಲ್ಲವನ್ನೂ ಕಲಸುತ್ತಾರೆ.

ತಿದ್ದಲು ಆರಂಭಿಸಿದ ದಿನ ಇಡೀ ಪ್ರಾಜೆಕ್ಟ್ ಕಡತದ ಪ್ರತಿ ತೆಗೆದು, ಹೆಸರಿನಲ್ಲಿ ದಿನಾಂಕ ಸೇರಿಸಿ ಬೇರೆ ಕಡೆ ಇಡಿ. ಸೇರಿಸಿದ ಕೋಡ್‌ಗಳನ್ನು ಮತ್ತೆ ಬೇರ್ಪಡಿಸುವುದು ಬಹುತೇಕ ತಂತ್ರಾಂಶಗಳಲ್ಲಿ ಕೈಯಿಂದಲೇ ಮಾಡಬೇಕಾದ ಕೆಲಸ. ಯಾವ ತುಣುಕು ಯಾವ ಕೋಡಿನಿಂದ ಬಂತೆಂಬ ಗುರುತು ಉಳಿಯುವುದಿಲ್ಲ. ಹಳೆಯ ಪ್ರತಿಯೊಂದೇ ದಾರಿ.

ಇದರ ಜೊತೆಗೆ ಒಂದು ನಿರ್ಧಾರ ಪುಸ್ತಕ ತೆರೆಯಿರಿ. ನೋಟ್‌ಬುಕ್ ಆದರೂ ಸರಿ, ವರ್ಡ್ ಕಡತವಾದರೂ ಸರಿ. ದಿನಾಂಕ, ಏನು ಬದಲಾಯಿಸಿದಿರಿ, ಏಕೆ ಬದಲಾಯಿಸಿದಿರಿ ಎಂಬ ಮೂರೇ ಅಂಶಗಳು. "ಏಕೆ" ಎಂಬಲ್ಲಿ ಒಂದಾದರೂ ತುಣುಕಿನ ಸಂಖ್ಯೆ ಇರಲೇಬೇಕು. ಕಾರಣ ಬರೆಯಲು ತುಣುಕು ಸಿಗದಿದ್ದರೆ ನೀವು ಹೆಸರು ನೋಡಿ ನಿರ್ಧರಿಸುತ್ತಿದ್ದೀರಿ ಎಂದು ಅರ್ಥ.

ಹಂತ 2: ಪಟ್ಟಿಯ ಕಸ ತೆಗೆಯಿರಿ

ಎಲ್ಲ ಕೋಡ್‌ಗಳ ಪಟ್ಟಿಯನ್ನು, ಪ್ರತಿ ಕೋಡಿಗೆ ಎಷ್ಟು ತುಣುಕುಗಳಿವೆ ಮತ್ತು ಅವು ಎಷ್ಟು ಸಂದರ್ಶನಗಳಿಂದ ಬಂದಿವೆ ಎಂಬ ಎರಡು ಎಣಿಕೆಗಳೊಂದಿಗೆ ಹೊರತೆಗೆಯಿರಿ. ಎರಡೂ ಬೇಕು. ಇಪ್ಪತ್ತು ತುಣುಕುಗಳಿದ್ದು ಎಲ್ಲವೂ ಒಬ್ಬರೇ ಆಡಿದ ಮಾತಾಗಿದ್ದರೆ, ಅದು ಆ ಒಬ್ಬರ ಕಥೆ.

ಈ ಹಂತದಲ್ಲಿ ಅರ್ಥದ ತೀರ್ಮಾನ ಬೇಡ. ಕಾಗುಣಿತ ವ್ಯತ್ಯಾಸದಿಂದ ಎರಡಾದವು, ಖಾಲಿ ಉಳಿದವು, ಒಂದೇ ಹೆಸರಿನಲ್ಲಿ ಎರಡು ಕಡೆ ಇರುವವು, ಇಷ್ಟನ್ನೇ ಸರಿಪಡಿಸಿ. ಇನ್ನೊಂದು ಬಗೆಯ ಕಸವೂ ಇದೆ: ಕೋಡ್ ಅಲ್ಲದ ಕೋಡ್‌ಗಳು. "ಹತ್ತು ವರ್ಷ ಅನುಭವ", "ವಿಧವೆ", "ತಾಲ್ಲೂಕು ಕೇಂದ್ರದಿಂದ ದೂರ" ಇವು ವ್ಯಕ್ತಿಯ ವಿವರಗಳು. ಇವುಗಳ ಜಾಗ ಬೇರೆ. ತಂತ್ರಾಂಶದಲ್ಲಾದರೆ ವ್ಯಕ್ತಿಗೆ ಅಂಟಿಸುವ ಲಕ್ಷಣಗಳಾಗಿ, ಎಕ್ಸೆಲ್‌ನಲ್ಲಾದರೆ ಪ್ರತ್ಯೇಕ ಹಾಳೆಯಲ್ಲಿ ಇಡಿ. ಆಗ ಮುಂದೆ "ಹೊಸದಾಗಿ ಸೇರಿದವರು ಈ ಬಗ್ಗೆ ಬೇರೆ ರೀತಿ ಮಾತನಾಡುತ್ತಾರೆಯೇ" ಎಂದು ನೋಡಲು ಸಾಧ್ಯ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ಆ ಪ್ರಶ್ನೆಯನ್ನು ಕೇಳಲೂ ಆಗುವುದಿಲ್ಲ.

ಹಂತ 3: ಪ್ರತಿ ಕೋಡಿನಡಿ ಇರುವುದನ್ನು ಒಟ್ಟಿಗೆ ಓದಿ

ಇಡೀ ಕೆಲಸದ ಜೀವಾಳ ಈ ಹಂತ. ಸಮಯದ ಅರ್ಧ ಪಾಲನ್ನು ಇದಕ್ಕೇ ಮೀಸಲಿಡಿ.

ಒಂದು ಕೋಡನ್ನು ತೆಗೆದುಕೊಂಡು ಅದರಡಿಯ ಎಲ್ಲ ತುಣುಕುಗಳನ್ನು ಒಂದೇ ಕಡೆ ತನ್ನಿ. ಕೋಡಿನ ಹೆಸರನ್ನು ಮರೆಮಾಡಿ. ತುಣುಕುಗಳನ್ನಷ್ಟೇ ಓದಿ, "ಇವರೆಲ್ಲ ಯಾವ ಒಂದು ಸಂಗತಿಯನ್ನು ಹೇಳುತ್ತಿದ್ದಾರೆ" ಎಂದು ನಿಮ್ಮನ್ನೇ ಕೇಳಿಕೊಂಡು ಒಂದು ವಾಕ್ಯ ಬರೆಯಿರಿ. ಆಮೇಲೆ ಹೆಸರನ್ನು ತೆರೆದು ನೋಡಿ. ವಾಕ್ಯವೂ ಹೆಸರೂ ಹೊಂದಿದರೆ ಕೋಡ್ ಸರಿಯಾಗಿದೆ. ಹೊಂದದಿದ್ದರೆ ಹೆಸರು ತಪ್ಪು. ಒಂದು ವಾಕ್ಯ ಬರೆಯಲಿಕ್ಕೇ ಆಗದಿದ್ದರೆ ಕೋಡೇ ತಪ್ಪು.

"ಹಣದ ತೊಂದರೆ" ಎಂಬ ಕೋಡನ್ನು ಹೀಗೆ ತೆರೆದಿರೆಂದು ಭಾವಿಸೋಣ. ಅದರಡಿ ಈ ಮಾತುಗಳಿವೆ:

"ಮೂರು ತಿಂಗಳಿಂದ ಪ್ರೋತ್ಸಾಹಧನ ಬಂದಿಲ್ಲ."

"ಹೆರಿಗೆಗೆಂದು ಆಟೋ ಮಾಡಿಕೊಂಡು ಹೋದೆ. ಅವರ ಬಳಿ ಇರಲಿಲ್ಲ, ಬಾಡಿಗೆ ನಾನೇ ಕೊಟ್ಟೆ."

"ತಾಯಿ ಕಾರ್ಡ್ ಮಾಡಿಸಿದ್ದೇನೆ, ಮನೆಗೆ ಹೋಗಿ ಬಂದಿದ್ದೇನೆ. ಪೋರ್ಟಲ್‌ಗೆ ಹತ್ತಿಲ್ಲವಂತೆ, ಹಾಗಾಗಿ ಲೆಕ್ಕಕ್ಕೇ ಬಂದಿಲ್ಲ."

"ಇಷ್ಟು ಹಣಕ್ಕೆ ಇಷ್ಟು ಅಲೆಯುವುದೇ ಎಂದು ಮನೆಯವರು ಕೇಳುತ್ತಾರೆ."

ನಾಲ್ಕರಲ್ಲೂ ಹಣವಿದೆ, ಆದರೆ ಹೇಳುತ್ತಿರುವ ಸಂಗತಿ ನಾಲ್ಕು. ಮೊದಲನೆಯದು ಪಾವತಿಯ ವಿಳಂಬ. ಎರಡನೆಯದರಲ್ಲಿ ಆಕೆ ವ್ಯವಸ್ಥೆಯ ಕೊರತೆಯನ್ನು ತನ್ನ ಕೈಯಿಂದ ತುಂಬಿಸಿದ್ದಾರೆ. ಮೂರನೆಯದು ಮಾಡಿದ ಕೆಲಸ ಪೋರ್ಟಲ್‌ನಲ್ಲಿ, ಅಂದರೆ ಕೆಲಸವನ್ನು ನಮೂದಿಸುವ ಜಾಲತಾಣದಲ್ಲಿ, ದಾಖಲಾಗದೆ ಕಾಣೆಯಾಗುವ ಸಂಗತಿ. ಆಶಾ ಕಾರ್ಯಕರ್ತೆಯರಿಗೆ ಗೌರವಧನದ ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಇರುವುದರಿಂದ, ದಾಖಲೆ ತಪ್ಪಿದರೆ ಆದಾಯವೇ ತಪ್ಪುತ್ತದೆ. ನಾಲ್ಕನೆಯದು ಮನೆಯೊಳಗೆ ಆಕೆಯ ದುಡಿಮೆಗೆ ಕಟ್ಟುವ ಬೆಲೆ. "ಹಣದ ತೊಂದರೆ" ಎಂಬ ಹೆಸರಿನಡಿ ಈ ನಾಲ್ಕನ್ನೂ ಬಿಟ್ಟರೆ, ಪ್ರಬಂಧದಲ್ಲಿ "ಆಶಾ ಕಾರ್ಯಕರ್ತೆಯರಿಗೆ ಹಣದ ತೊಂದರೆಯಿದೆ" ಎಂಬ ಸಾಲು ಮಾತ್ರ ಬರುತ್ತದೆ. ಅದನ್ನು ಹೇಳಲು ಸಂದರ್ಶನವೇ ಬೇಕಿರಲಿಲ್ಲ.

ಓದುವಾಗ ತುಣುಕು ತೀರಾ ಚಿಕ್ಕದಾಗಿ ಕತ್ತರಿಸಿದ್ದೀರಾ ಎಂಬುದನ್ನೂ ಗಮನಿಸಿ. "ನಾನೇ ಕೊಟ್ಟೆ" ಎಂಬ ಎರಡು ಪದಗಳಿಗೆ ಕೋಡ್ ಹಾಕಿದ್ದರೆ ಆರು ತಿಂಗಳ ಬಳಿಕ ಏನು ಕೊಟ್ಟರು, ಯಾರಿಗೆ ಕೊಟ್ಟರು ತಿಳಿಯದು. ಹಿಂದಿನ ಪ್ರಶ್ನೆ ಇಲ್ಲದೆ ಅರ್ಥವಾಗದ ಉತ್ತರವಾದರೆ ಪ್ರಶ್ನೆಯನ್ನೂ ತುಣುಕಿನೊಳಗೆ ಸೇರಿಸಿ.

ಎಚ್ಚರಿಕೆಯ ಗುರುತು: ಒಂದು ಕೋಡ್ ಬಹುತೇಕ ಎಲ್ಲ ಸಂದರ್ಶನಗಳಲ್ಲೂ ಇದ್ದು, ಅದರಡಿ ತುಣುಕುಗಳು ತುಂಬಿ ತುಳುಕುತ್ತಿದ್ದರೆ ಸಂತೋಷಪಡುವ ಮೊದಲು ಅದನ್ನು ಓದಿ. ಅಂಥ ಕೋಡ್ ಸಾಮಾನ್ಯವಾಗಿ ವಿಷಯದ ಹೆಸರಷ್ಟೇ ಆಗಿರುತ್ತದೆ, ವಿಶ್ಲೇಷಣೆಯಾಗಿರುವುದಿಲ್ಲ.

ಹಂತ 4: ಸೇರಿಸಿ, ಒಡೆಯಿರಿ, ಹೆಸರು ಬದಲಿಸಿ, ಬದಿಗಿಡಿ

ಕ್ರಮ ಮುಖ್ಯ. ಮೊದಲು ಒಡೆಯಿರಿ, ಆಮೇಲೆ ಸೇರಿಸಿ. ಹೆಚ್ಚಿನವರು ಪಟ್ಟಿ ಚಿಕ್ಕದಾಗಲೆಂಬ ಅವಸರದಲ್ಲಿ ಮೊದಲು ಸೇರಿಸುತ್ತಾರೆ. ಆಗ ಎರಡು ಕಲಬೆರಕೆ ಕೋಡ್‌ಗಳು ಕೂಡಿ ಇನ್ನೂ ದೊಡ್ಡ ಕಲಬೆರಕೆಯಾಗುತ್ತದೆ. "ಹಣದ ತೊಂದರೆ"ಯನ್ನು ನಾಲ್ಕಾಗಿ ಒಡೆದ ಮೇಲೆ, ಅದರ ಮೂರನೆಯ ಭಾಗವೂ ಬೇರೆಡೆ ಇರುವ "ಪೋರ್ಟಲ್ ಸಮಸ್ಯೆ" ಎಂಬ ಕೋಡೂ ಒಂದೇ ಎಂದು ತಾನಾಗಿ ಕಾಣುತ್ತದೆ. ಒಡೆಯದೆ ಅದು ಕಾಣುತ್ತಿರಲಿಲ್ಲ.

ಸೇರಿಸುವಾಗ ಒಂದು ಪರೀಕ್ಷೆ ಮಾಡಿ. ಎರಡೂ ಕೋಡ್‌ಗಳಿಂದ ಐದೈದು ತುಣುಕುಗಳನ್ನು ತೆಗೆದು ಬೆರೆಸಿ, ಹೆಸರಿಲ್ಲದೆ ಓದಿ. ಯಾವುದು ಯಾವ ಕೋಡಿನದೆಂದು ನಿಮಗೇ ಹೇಳಲು ಆಗದಿದ್ದರೆ ಸೇರಿಸಿ. ಹೇಳಲು ಆದರೆ, ನಿಮ್ಮ ಸಂಶೋಧನಾ ಪ್ರಶ್ನೆಗೆ ಆ ವ್ಯತ್ಯಾಸ ಬೇಕೇ ಎಂದು ಕೇಳಿಕೊಳ್ಳಿ. ಬೇಡವಾದರೆ ಸೇರಿಸಿ, ಬೇಕಾದರೆ ಬಿಡಿ.

"ರಾತ್ರಿ ಕರೆ", "ಹಬ್ಬದಲ್ಲೂ ರಜೆಯಿಲ್ಲ", "ಊಟದ ಹೊತ್ತಿಗೆ ಸಮೀಕ್ಷೆ" ಎಂಬ ಮೂರು ಕೋಡ್‌ಗಳನ್ನು "ಹೊತ್ತುಗೊತ್ತಿಲ್ಲದ ಕೆಲಸ" ಎಂದು ಸೇರಿಸುವುದು ಸರಿಯಾಗಿಯೇ ಕಾಣುತ್ತದೆ. ಆದರೆ "ರಾತ್ರಿ ಕರೆ" ಕೋಡಿನಡಿ ಹೀಗೊಂದು ಮಾತಿದೆ: "ರಾತ್ರಿ ಎರಡು ಗಂಟೆಗೂ ಮೊದಲು ನನ್ನ ಮನೆಯ ಬಾಗಿಲನ್ನೇ ತಟ್ಟುತ್ತಾರೆ. ಬೇರೆ ಯಾರನ್ನೂ ಕರೆಯುವುದಿಲ್ಲ." ಇದರಲ್ಲಿ ದಣಿವಿಗಿಂತ ಹೆಮ್ಮೆ ಹೆಚ್ಚು. ಇದನ್ನು "ಊರಿನವರ ನಂಬಿಕೆ" ಎಂಬ ಕೋಡಿಗೂ ಸೇರಿಸಿ, ಆಮೇಲಷ್ಟೇ ಉಳಿದವನ್ನು ಕೂಡಿಸಿ. ಒಂದು ತುಣುಕಿಗೆ ಎರಡು ಕೋಡ್ ಇರುವುದು ತಪ್ಪಲ್ಲ. ಒಂದೇ ತುಣುಕಿಗೆ ಐದಾರು ಕೋಡ್ ಅಂಟಿಕೊಂಡಿದ್ದರೆ ಮಾತ್ರ, ಕೋಡ್‌ಗಳ ನಡುವಿನ ಗೆರೆ ಮಸುಕಾಗಿದೆ ಎಂದು ತಿಳಿಯಿರಿ.

ಹೆಸರು ಬದಲಿಸುವಾಗ ಒಂದೇ ಪದದ ಹೆಸರುಗಳನ್ನು ಬಿಡಿ. "ಪೋರ್ಟಲ್", "ಮೇಲಧಿಕಾರಿ", "ಕುಟುಂಬ" ಇವು ಏನನ್ನೂ ಹೇಳುವುದಿಲ್ಲ. "ದಾಖಲಾಗದ ಕೆಲಸ", "ಮೇಲಿನವರ ಗದರಿಕೆಯನ್ನು ನುಂಗಿಕೊಳ್ಳುವುದು", "ಮನೆಗೆಲಸ ಮುಗಿಸಿಯೇ ಹೊರಡುವುದು" ಎಂದು ಕ್ರಿಯೆಯಿರುವ ಹೆಸರಿಟ್ಟರೆ ಯಾರು ಏನು ಮಾಡುತ್ತಿದ್ದಾರೆ ಎಂಬುದು ಹೆಸರಿನಲ್ಲೇ ಉಳಿಯುತ್ತದೆ. ಸಂದರ್ಶನದಲ್ಲಿ ಹಲವರ ಬಾಯಲ್ಲಿ ಬಂದ ಮಾತೇ ಹೆಸರಾಗಬಹುದು, ಅದು ಒಬ್ಬರದೇ ಚಮತ್ಕಾರದ ಮಾತಾಗಿರಬಾರದು ಅಷ್ಟೇ.

ಇನ್ನು ಒಂದೇ ತುಣುಕಿರುವ ಕೋಡ್‌ಗಳು. ಎಣಿಕೆ ಒಂದೆಂಬ ಕಾರಣಕ್ಕೆ ಯಾವುದನ್ನೂ ಅಳಿಸಬೇಡಿ. ಎಲ್ಲರೂ ಪೋರ್ಟಲ್ ಬಗ್ಗೆ ಬೇಸರಪಟ್ಟಿರುವಾಗ ಒಬ್ಬರು ಮಾತ್ರ "ಈಗ ನನ್ನ ಕೆಲಸಕ್ಕೆ ಸಾಕ್ಷಿ ಇದೆ, ಯಾರೂ ಅಲ್ಲಗಳೆಯಲಾರರು" ಎಂದರೆ, ಆ ಒಂದು ಮಾತು ನಿಮ್ಮ ವಿಶ್ಲೇಷಣೆಯನ್ನು ಪರೀಕ್ಷಿಸುವ ಮಾತು. ಆಕೆಗೆ ಏಕೆ ಹಾಗನ್ನಿಸಿತು? ಮಗಳು ಮೊಬೈಲ್‌ನಲ್ಲಿ ನಮೂದಿಸಿಕೊಡುತ್ತಾಳೆಯೇ, ಊರಿನಲ್ಲಿ ನೆಟ್‌ವರ್ಕ್ ಚೆನ್ನಾಗಿದೆಯೇ? ಇಂಥದ್ದನ್ನು ಉಳಿಸಿ. ಪ್ರಶ್ನೆಗೆ ಸಂಬಂಧವೇ ಇಲ್ಲದವುಗಳನ್ನು "ಬದಿಗಿಟ್ಟದ್ದು" ಎಂಬ ಫೋಲ್ಡರ್‌ಗೆ ಹಾಕಿ, ಅಳಿಸಬೇಡಿ. "ಇತರೆ" ಎಂಬ ಕೋಡ್ ಮಾತ್ರ ಬೇಡವೇ ಬೇಡ. ಅದೊಂದಿದ್ದರೆ ಕಷ್ಟದ ತೀರ್ಮಾನಗಳೆಲ್ಲ ಅಲ್ಲಿಗೇ ಹೋಗಿ ಬೀಳುತ್ತವೆ.

ಕೊನೆಗೆ ಎಷ್ಟು ಕೋಡ್ ಉಳಿಯಬೇಕು ಎಂದು ಎಲ್ಲರೂ ಕೇಳುತ್ತಾರೆ. ನಿಗದಿತ ಸಂಖ್ಯೆಯಿಲ್ಲ. ಒಬ್ಬರೇ ಕೋಡ್ ಹಾಕುವಾಗ ನಲವತ್ತು ಐವತ್ತನ್ನು ಮೀರಿದರೆ, ಅವುಗಳ ಅರ್ಥವನ್ನು ನೆನಪಿನಲ್ಲಿಟ್ಟು ಮೊದಲಿಂದ ಕೊನೆಯವರೆಗೆ ಸಮನಾಗಿ ಬಳಸುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಹಂತ 5: ಪ್ರತಿ ಕೋಡಿಗೆ ವ್ಯಾಖ್ಯೆ ಬರೆಯಿರಿ

ಇಲ್ಲಿಯವರೆಗೆ ಅರ್ಥ ನಿಮ್ಮ ತಲೆಯಲ್ಲಿತ್ತು. ಅದನ್ನು ಕಾಗದಕ್ಕೆ ತರುವುದೇ ಕೋಡ್‌ಬುಕ್. ಹೆಸರಿನ ಮುಂದೆ ಅದೇ ಹೆಸರನ್ನು ತಿರುಗಿಸಿ ಬರೆದರೆ ವ್ಯಾಖ್ಯೆಯಾಗುವುದಿಲ್ಲ. ಒಂದು ನಮೂನೆ:

ಕೋಡ್: ಕೈಯಿಂದ ಖರ್ಚು ಮಾಡುವುದು.

ಒಂದು ಸಾಲಿನ ಅರ್ಥ: ಕೆಲಸಕ್ಕಾಗಿ ಕಾರ್ಯಕರ್ತೆ ತನ್ನ ಸ್ವಂತ ಹಣ ಖರ್ಚು ಮಾಡಿದ್ದು.

ಯಾವಾಗ ಹಾಕಬೇಕು: ಪ್ರಯಾಣ, ಮೊಬೈಲ್ ರೀಚಾರ್ಜ್, ಜೆರಾಕ್ಸ್, ರೋಗಿಯ ಊಟ ಅಥವಾ ಔಷಧಿಗೆ ತಾನೇ ಹಣ ಕೊಟ್ಟೆನೆಂದು ಹೇಳಿದಾಗ, ಹಣ ಆಮೇಲೆ ವಾಪಸ್ ಬಂದಿದ್ದರೂ ಸಹ.

ಯಾವಾಗ ಹಾಕಬಾರದು: ಬರಬೇಕಾದ ಹಣ ತಡವಾದ ಬಗ್ಗೆ ಮಾತ್ರ ಹೇಳಿದಾಗ. ಅದಕ್ಕೆ "ಪಾವತಿಯ ವಿಳಂಬ" ಬಳಸಿ.

ಸ್ಪಷ್ಟ ಉದಾಹರಣೆ: "ಅವರ ಬಳಿ ಇರಲಿಲ್ಲ, ಬಾಡಿಗೆ ನಾನೇ ಕೊಟ್ಟೆ."

ಅಂಚಿನ ಉದಾಹರಣೆ: "ಗಂಡನ ಬೈಕಿನಲ್ಲೇ ಹೋಗಿ ಬರುತ್ತೇನೆ, ಪೆಟ್ರೋಲ್ ಅವರದು." ತೀರ್ಮಾನ: ಹಾಕಿ. ಹಣ ಕುಟುಂಬದ್ದೇ ಆದ್ದರಿಂದ "ಸ್ವಂತ" ಎಂಬುದರಲ್ಲಿ ಕುಟುಂಬವೂ ಸೇರುತ್ತದೆ.

"ಯಾವಾಗ ಹಾಕಬಾರದು" ಮತ್ತು "ಅಂಚಿನ ಉದಾಹರಣೆ" ಎಂಬ ಎರಡನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಕೋಡ್‌ಬುಕ್ ನಿಜವಾಗಿ ಉಪಯೋಗಕ್ಕೆ ಬರುವುದು ಆ ಎರಡರಿಂದ. ಪೆಟ್ರೋಲಿನ ಪ್ರಶ್ನೆ ಎದ್ದದ್ದರಿಂದಲೇ "ಸ್ವಂತ ಹಣ" ಎಂದರೆ ಏನೆಂದು ತೀರ್ಮಾನಿಸಬೇಕಾಯಿತು.

ಹಂತ 6: ಗುಂಪು ಕಟ್ಟಿ

ಈಗ ಮಾತ್ರ ಗುಂಪುಗಳ ಕೆಲಸ. ಕೋಡ್‌ಗಳನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹರಡಿಕೊಳ್ಳುವುದು ಇಂದಿಗೂ ಒಳ್ಳೆಯ ಉಪಾಯ. ಚೀಟಿಯನ್ನು ಎತ್ತಿ ಬೇರೆಡೆ ಇಡಲು ಕೈ ಹಿಂಜರಿಯುವುದಿಲ್ಲ.

ಒಂದು ಕೋಡನ್ನು ಇನ್ನೊಂದರ ಕೆಳಗೆ ಇಡುವ ಮೊದಲು "ಇದು ಅದರ ಒಂದು ಬಗೆಯೇ" ಎಂದು ಕೇಳಿ. "ರೀಚಾರ್ಜ್ ಖರ್ಚು" ಎಂಬುದು "ಕೈಯಿಂದ ಖರ್ಚು ಮಾಡುವುದು" ಎಂಬುದರ ಒಂದು ಬಗೆ, ಹಾಗಾಗಿ ಕೆಳಗೆ ಬರಬಹುದು. "ದಾಖಲಾಗದ ಕೆಲಸ" ಎಂಬುದು "ಮನೆಯವರ ಅಸಮಾಧಾನ"ಕ್ಕೆ ಕಾರಣವಾಗಿರಬಹುದು, ಆದರೆ ಅದರ ಬಗೆಯಲ್ಲ. ಕಾರಣ, ಪರಿಣಾಮ, ವಿರೋಧ ಇಂಥ ಸಂಬಂಧಗಳನ್ನು, ಹೀಗೆ ಒಂದರ ಕೆಳಗೊಂದು ಇಟ್ಟು ಕಟ್ಟಿದ ಮರದ ಕೊಂಬೆಗಳಲ್ಲಿ ತೋರಿಸಲು ಹೋಗಬೇಡಿ. ಮೆಮೊ (ನಿಮ್ಮ ಯೋಚನೆಯ ಚಿಕ್ಕ ಟಿಪ್ಪಣಿ) ಬರೆಯಿರಿ, ಅಥವಾ ಬಾಣ ಎಳೆದು ಚಿತ್ರ ಬಿಡಿಸಿ. ವಿಶ್ಲೇಷಣೆಯ ಮುಖ್ಯ ವಾದ ಹುಟ್ಟುವುದು ಆ ಬಾಣಗಳಲ್ಲಿ. ಅವು ಮರದೊಳಗೆ ಹುದುಗಿಹೋದರೆ ನಷ್ಟ ನಿಮಗೇ.

ಮೂರು ಮಟ್ಟಕ್ಕಿಂತ ಆಳಕ್ಕೆ ಇಳಿಯಬೇಡಿ. ಪ್ರತಿ ಕೋಡಿನ ಕೆಳಗೆ "ಒಳ್ಳೆಯದು", "ಕೆಟ್ಟದ್ದು" ಎಂದು ಎರಡೆರಡು ಮರಿ ಕೋಡ್‌ಗಳನ್ನು ಮಾಡಿದರೆ ಪಟ್ಟಿ ಮೂರು ಪಟ್ಟು ಬೆಳೆಯುತ್ತದೆ. ಆ ಎರಡನ್ನು ಒಮ್ಮೆ ಮಾತ್ರ ಪ್ರತ್ಯೇಕ ಕೋಡ್‌ಗಳಾಗಿ ಇಟ್ಟುಕೊಂಡು, ಬೇಕಾದ ತುಣುಕಿಗೆ ಜೊತೆಯಾಗಿ ಹಾಕಿ. ಎರಡು ಕೋಡ್‌ಗಳು ಒಟ್ಟಿಗೆ ಬರುವ ಜಾಗಗಳನ್ನು ತಂತ್ರಾಂಶ ಹುಡುಕಿ ಕೊಡುತ್ತದೆ. ಎಕ್ಸೆಲ್‌ನಲ್ಲಾದರೆ ತುಣುಕಿನ ಸಂಖ್ಯೆಯ ಮೇಲೆ ವಿಂಗಡಿಸಿದರೆ ಸಾಕು.

ಎಚ್ಚರಿಕೆಯ ಗುರುತು: ಗುಂಪುಗಳ ಹೆಸರುಗಳನ್ನು ಪ್ರಶ್ನಾವಳಿಯ ಪಕ್ಕದಲ್ಲಿಟ್ಟು ನೋಡಿ. ಒಂದಕ್ಕೊಂದು ಹೊಂದಿಕೊಂಡರೆ ನೀವು ಉತ್ತರಗಳನ್ನು ಪ್ರಶ್ನೆಗಳ ಪ್ರಕಾರ ವಿಂಗಡಿಸಿದ್ದೀರಿ ಅಷ್ಟೇ. ಮೂರನೇ ಹಂತಕ್ಕೆ ಮರಳಿ.

ಹಂತ 7: ಹಳೆಯ ಸಂದರ್ಶನಗಳಿಗೆ ಮರಳಿ

ಬೇಸರದ ಹಂತ, ಆದರೆ ಬಿಡುವಂತಿಲ್ಲ. ಮೊದಲ ನಾಲ್ಕು ಸಂದರ್ಶನಗಳಿಗೆ ಕೋಡ್ ಹಾಕುವಾಗ "ದಾಖಲಾಗದ ಕೆಲಸ" ಎಂಬ ಕೋಡೇ ಇರಲಿಲ್ಲ. ಅವುಗಳಲ್ಲಿ ಆ ಸಂಗತಿ ಇಲ್ಲವೆಂದು ಇಂದು ಎಣಿಕೆ ತೋರಿಸಿದರೆ ಅದನ್ನು ನಂಬಲಾಗದು. ಕೋಡ್‌ಬುಕ್ಕಿಗೆ ಆವೃತ್ತಿ ಸಂಖ್ಯೆ ಕೊಡಿ, ಯಾವ ಸಂದರ್ಶನ ಯಾವ ಆವೃತ್ತಿಯಲ್ಲಿ ಕೋಡ್ ಆಗಿದೆಯೆಂದು ಒಂದು ಹಾಳೆಯಲ್ಲಿ ಬರೆದಿಡಿ. ಅತ್ಯಂತ ಹಳೆಯದರಿಂದ ಆರಂಭಿಸಿ, ಎಲ್ಲವನ್ನೂ ಕೊನೆಯ ಆವೃತ್ತಿಗೆ ತನ್ನಿ.

ಮರಳಿ ಓದುವಾಗ ಹೊಸ ಕೋಡ್‌ಗಳು ಇನ್ನೂ ಹುಟ್ಟುತ್ತಿವೆಯೇ ಎಂದು ಗಮನಿಸಿ. ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ ಮಹಿಳೆಯರೊಂದಿಗೆ ನಡೆಸಿದ 60 ಸಂದರ್ಶನಗಳನ್ನು ಪರಿಶೀಲಿಸಿ, ಮೊದಲ 12ರೊಳಗೆ ಹೊಸ ಕೋಡ್‌ಗಳ ಹರಿವು ಬಹುಮಟ್ಟಿಗೆ ನಿಂತಿತ್ತೆಂದು 2006ರಲ್ಲಿ ಬರೆದರು. ಆ 12 ಎಂಬ ಸಂಖ್ಯೆಯನ್ನು ಎಲ್ಲೆಡೆ ಮಂತ್ರದಂತೆ ಬಳಸುತ್ತಾರೆ. ಅದು ಹೆಚ್ಚುಕಡಿಮೆ ಒಂದೇ ಬಗೆಯ ಗುಂಪಿಗೆ, ಒಂದೇ ರೀತಿಯ ಪ್ರಶ್ನೆಗಳನ್ನು ಕೇಳಿದ ಅಧ್ಯಯನದ ಮಾತು. ಆಶಾ ಕಾರ್ಯಕರ್ತೆಯರ ಜೊತೆಗೆ ವೈದ್ಯಾಧಿಕಾರಿಗಳನ್ನೂ ಬಾಣಂತಿಯರನ್ನೂ ಸಂದರ್ಶಿಸಿದ್ದರೆ ಒಟ್ಟು 12 ಎಂಬುದಕ್ಕೆ ಅರ್ಥವಿಲ್ಲ.

ಹಂತ 8: ಇನ್ನೊಬ್ಬರ ಕೈಗೆ ಕೊಟ್ಟು ನೋಡಿ

ಕನ್ನಡ ಬಲ್ಲ, ನಿಮ್ಮ ವಿಷಯದ ಪರಿಚಯವಿರುವ ಒಬ್ಬರಿಗೆ ಕೋಡ್‌ಬುಕ್ ಮತ್ತು ಎರಡು ಮೂರು ಸಂದರ್ಶನಗಳನ್ನು ಕೊಡಿ. ಬಾಯಿಮಾತಿನಲ್ಲಿ ಏನನ್ನೂ ವಿವರಿಸಬೇಡಿ, ವಿವರಿಸಬೇಕಾಗಿ ಬಂದರೆ ಅದನ್ನು ಕೋಡ್‌ಬುಕ್ಕಿಗೇ ಸೇರಿಸಿ. ತುಣುಕುಗಳ ಗಡಿಯನ್ನು ಮೊದಲೇ ಗುರುತಿಸಿ ಕೊಡಿ, ಇಲ್ಲದಿದ್ದರೆ ಭಿನ್ನಾಭಿಪ್ರಾಯ ಅರ್ಥದ ಬಗ್ಗೆಯೋ ಕತ್ತರಿಸಿದ ಜಾಗದ ಬಗ್ಗೆಯೋ ತಿಳಿಯುವುದಿಲ್ಲ.

ಅಂಕಿಯಲ್ಲಿ ತೋರಿಸಬೇಕಾದರೆ ಶೇಕಡಾವಾರು ಒಪ್ಪಿಗೆಯೊಂದೇ ಸಾಲದು. 100 ತುಣುಕುಗಳಲ್ಲಿ ಒಂದು ಕೋಡನ್ನು ಇಬ್ಬರೂ ಹಾಕಿದ್ದು 30, ಇಬ್ಬರೂ ಹಾಕದ್ದು 50, ನೀವು ಮಾತ್ರ ಹಾಕಿದ್ದು 12, ಅವರು ಮಾತ್ರ ಹಾಕಿದ್ದು 8 ಎಂದಿಟ್ಟುಕೊಳ್ಳಿ. ಒಪ್ಪಿಗೆ ಶೇ 80. ಆದರೆ ನೀವು ಒಟ್ಟು 42ಕ್ಕೆ, ಅವರು 38ಕ್ಕೆ ಹಾಕಿದ್ದೀರಿ. ಕಣ್ಣು ಮುಚ್ಚಿ ಹಾಕಿದ್ದರೂ 0.42 × 0.38 ಮತ್ತು 0.58 × 0.62 ಕೂಡಿ ಸುಮಾರು 0.52ರಷ್ಟು ಒಪ್ಪಿಗೆ ಆಕಸ್ಮಿಕವಾಗಿ ಬರುತ್ತಿತ್ತು. ಕೊಹೆನ್ ಅವರ ಕಪ್ಪಾ ಎಂಬ ಅಳತೆ ಆ ಆಕಸ್ಮಿಕ ಒಪ್ಪಿಗೆಯನ್ನು ಕಳೆಯುತ್ತದೆ: (0.80 − 0.52) ÷ (1 − 0.52), ಅಂದರೆ ಸುಮಾರು 0.58. ವಾಡಿಕೆಯ ಅಳತೆಯಲ್ಲಿ ಇದು ಮಧ್ಯಮ ಮಟ್ಟ. ತೀರಾ ಅಪರೂಪದ ಕೋಡ್‌ಗಳಿಗೆ ಕಪ್ಪಾ ವಿನಾಕಾರಣ ಕುಸಿಯುತ್ತದೆ ಎಂಬುದನ್ನೂ ನೆನಪಿಡಿ.

ಅಂಕಿಗಿಂತ ಮುಖ್ಯವಾದದ್ದು ಒಪ್ಪಿಗೆಯಾಗದ ಆ 20 ತುಣುಕುಗಳು. ಇಬ್ಬರೂ ಕುಳಿತು ಒಂದೊಂದನ್ನೇ ಓದಿ. ನೀವು ಗುರುವಿನ ಸ್ಥಾನದಲ್ಲಿದ್ದು ಅವರು ವಿದ್ಯಾರ್ಥಿಯಾಗಿದ್ದರೆ ಮೊದಲು ಅವರೇ ಮಾತನಾಡಲಿ, ಇಲ್ಲವಾದರೆ ಅವರು ಸುಮ್ಮನೆ ಒಪ್ಪಿಕೊಂಡುಬಿಡುತ್ತಾರೆ. ರಿಫ್ಲೆಕ್ಸಿವ್ ಥೀಮ್ಯಾಟಿಕ್ ವಿಶ್ಲೇಷಣೆ ಮಾಡುತ್ತಿರುವವರು ಲೆಕ್ಕವನ್ನು ಬಿಟ್ಟು ಈ ಮಾತುಕತೆಯನ್ನಷ್ಟೇ ನಡೆಸಬಹುದು.

ಕೃತಕ ಬುದ್ಧಿಮತ್ತೆಯ ಸೇವೆಗೆ ಸಂದರ್ಶನಗಳನ್ನು ಹಾಕಿ ಕೋಡ್ ಕೇಳುವ ಆಸೆ ಅನೇಕರಿಗಿದೆ. ಸಂದರ್ಶನ ಕೊಟ್ಟವರ ಒಪ್ಪಿಗೆ ಪತ್ರದಲ್ಲಿ ಅದರ ಉಲ್ಲೇಖವಿಲ್ಲದೆ, ನೈತಿಕತಾ ಸಮಿತಿಯ ಅನುಮತಿಯಿಲ್ಲದೆ ಅವರ ಮಾತನ್ನು ಎಲ್ಲಿಗೂ ಏರಿಸಬೇಡಿ.

ಹಂತ 9: ಥೀಮ್‌ಗಳಿಗೆ ದಾಟಿ, ಕಡತ ಮುಚ್ಚಿ

ಕೋಡ್‌ಗಳ ಗುಂಪಿಗೆ ಕೊಟ್ಟ ಹೆಸರು ಥೀಮ್ ಅಲ್ಲ. ಥೀಮ್ ಒಂದು ಪೂರ್ಣ ವಾಕ್ಯವಾಗಬೇಕು, ಅದನ್ನು ಯಾರಾದರೂ ಅಲ್ಲವೆನ್ನಲು ಸಾಧ್ಯವಿರಬೇಕು. "ಹಣಕಾಸಿನ ಅಂಶಗಳು" ಎಂಬುದನ್ನು ಅಲ್ಲವೆನ್ನಲು ಏನೂ ಇಲ್ಲ. "ವ್ಯವಸ್ಥೆ ಬಿಟ್ಟ ಕಂದಕವನ್ನು ಆಶಾ ಕಾರ್ಯಕರ್ತೆಯರು ತಮ್ಮ ಹಣ ಮತ್ತು ನಿದ್ದೆಯಿಂದ ತುಂಬಿಸುತ್ತಾರೆ, ಆ ಕೆಲಸ ಯಾವ ದಾಖಲೆಯಲ್ಲೂ ಕಾಣುವುದಿಲ್ಲ" ಎಂಬುದು ವಾದ. ಅದಕ್ಕೆ "ಕೈಯಿಂದ ಖರ್ಚು ಮಾಡುವುದು", "ಹೊತ್ತುಗೊತ್ತಿಲ್ಲದ ಕೆಲಸ", "ದಾಖಲಾಗದ ಕೆಲಸ" ಮೂರೂ ಆಧಾರ ಕೊಡುತ್ತವೆ. ಪೋರ್ಟಲ್ಲನ್ನು ಮೆಚ್ಚಿದ ಆ ಒಬ್ಬರ ಮಾತು ಅದನ್ನು ಪ್ರಶ್ನಿಸುತ್ತದೆ. ಎರಡನ್ನೂ ಬರೆಯಿರಿ.

ಪ್ರಬಂಧದ ಅನುಬಂಧದಲ್ಲಿ ಕೊನೆಯ ಕೋಡ್‌ಬುಕ್, ಆವೃತ್ತಿಗಳ ಹಾಳೆ, ನಿರ್ಧಾರ ಪುಸ್ತಕದ ಒಂದೆರಡು ಪುಟಗಳು ಇರಲಿ. ಅಲ್ಲಿ ಕೊಡುವ ಉದಾಹರಣೆ ತುಣುಕುಗಳಲ್ಲಿ ಹೆಸರು ತೆಗೆದರೆ ಸಾಕೆಂದು ಭಾವಿಸಬೇಡಿ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರ ನೇಮಕವಾಗುವುದರಿಂದ, ಊರಿನ ಹೆಸರು ಬರೆದರೆ ವ್ಯಕ್ತಿಯ ಹೆಸರನ್ನೇ ಬರೆದಂತೆ. ಊರು, ಉಪಕೇಂದ್ರ, ಹೆರಿಗೆಯಾದ ದಿನ, ಮೇಲಧಿಕಾರಿಯ ಹುದ್ದೆ ಎಲ್ಲವನ್ನೂ ತೆಗೆದ ಮೇಲೆ ತುಣುಕನ್ನು ಆ ತಾಲ್ಲೂಕಿನ ಆರೋಗ್ಯ ಇಲಾಖೆಯವರು ಓದುತ್ತಿದ್ದಾರೆಂದು ಊಹಿಸಿಕೊಂಡು ಇನ್ನೊಮ್ಮೆ ಓದಿ. ಆಡಿದವರು ಯಾರೆಂದು ಅವರಿಗೆ ಹೊಳೆಯುವಂತಿದ್ದರೆ ಬೇರೆ ತುಣುಕನ್ನು ಆರಿಸಿಕೊಳ್ಳಿ.